ಪಾಠದ ನೆಪದಲ್ಲಿ

ಫೆಬ್ರವರಿ ೬

ಗುಬ್ಬೀ,

ಬಂದು ತಲುಪಿದೆ. ಎರಡು ವಿಮಾನ, ಒಂದು ಬಸ್ಸು, ಕೊನೆಗೊಂದು ಜೀಪು. ಸಂಘದವರು ಪಾಠಕ್ಕೆಂದು ಕಳಿಸಿದ ಪ್ಲಾಸ್ಟಿಕ್ ಸೊಂಟ ಜೀಪಿನ ಕುಲುಕಾಟಕ್ಕೆ ಬಿರುಕು ಬಿಟ್ಟಿತು. ನನ್ನದು ಹೇಗೋ ಉಳಿದಿದೆ.

ನಮ್ಮ ಸೂಲಗಿತ್ತಿಯರ ಸಂಘದ ಶಾಲೆ ಎಂದರೆ ಏನೇನೋ ಅಂದುಕೊಳ್ಳಬೇಡ. ಹಳೆಯ ಉಗ್ರಾಣದ ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಹನ್ನೊಂದು ಹಾಸಿಗೆ. ಬೀದಿಯಾಚೆ ಸಣ್ಣದೊಂದು ಹೆರಿಗೆ ಆಸ್ಪತ್ರೆ, ಮಾಡಿ ಕಲಿಯುವ ಕೈಪಾಠ ಅಲ್ಲಿ. ಕಲಿಯಲು ಬಂದವರು ಗುಡ್ಡದಾಚೆಯ ಊರುಗಳ ಹೆಂಗಸರು. ಐದೋ ಆರೋ ಕ್ಲಾಸು ಓದಿದವರನ್ನು ಈ ದೇಶದ ನರ್ಸಿಂಗ್ ಕಾಲೇಜುಗಳು ಬಾಗಿಲಿಗೂ ಸೇರಿಸುವುದಿಲ್ಲ. ಕಾಲೇಜು ಓದಿದವರು ಆ ಗುಡ್ಡ ಹತ್ತುವುದಿಲ್ಲ. ಹಾಗಾಗಿ ಅಲ್ಲಿನ ಬಸಿರಿಯರಿಗೆ ದೇವರೇ ಗತಿ. ಎಂಟು ತಿಂಗಳು ಕಲಿಸಿ, ಅಕ್ಟೋಬರಿನಲ್ಲಿ ಸರ್ಕಾರದ ಪರೀಕ್ಷೆ ದಾಟಿಸಿದರೆ ಇವರೇ ಅಲ್ಲಿ ಸೂಲಗಿತ್ತಿಯರಾಗುತ್ತಾರೆ. ನಮ್ಮ ಅಧ್ಯಕ್ಷೆ ದೊಡ್ಡಕ್ಕ ಭಾಷಣದಲ್ಲಿ ಇದನ್ನೇ ಅರ್ಧ ಗಂಟೆ ಹೇಳುತ್ತಾಳೆ.

ಭಾಷೆಯದೇ ತಮಾಷೆ. ದುಭಾಷಿಯಾಗಿ ಸಿಕ್ಕಿರುವವರು ನಿವೃತ್ತ ಗಣಿತದ ಮೇಷ್ಟ್ರು. ಪಾಪ, ಮಹಾ ಮರ್ಯಾದಸ್ಥ. ನಾನು ಒಂದೊಂದು ಅಂಗದ ಹೆಸರು ಹೇಳಿದಾಗಲೂ ಮುಖ ಕೆಂಪಾಗಿಸಿಕೊಂಡು ಗೋಡೆಯ ಕಡೆ ತಿರುಗಿ ಅನುವಾದ ಮಾಡುತ್ತಾರೆ. ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಉದ್ದಕ್ಕೆ ಇರುವವಳಿಗೆ ಏಣಿ ಎಂದು ಹೆಸರಿಟ್ಟಿದ್ದೇನೆ. ಒಬ್ಬಳು ಮಾತ್ರ ನಗುವುದಿಲ್ಲ, ಮಾತೂ ಆಡುವುದಿಲ್ಲ. ಅವಳನ್ನು ಮೌನಿ ಅನ್ನುತ್ತೇನೆ.

ಇಲ್ಲಿ ಫೋನು ಹಿಡಿಯಬೇಕೆಂದರೆ ದಿಬ್ಬ ಹತ್ತಬೇಕು, ಹತ್ತಿದರೂ ಅರ್ಧ ಮಾತು ಗಾಳಿಗೆ. ವಾರಕ್ಕೊಮ್ಮೆ ಬರುವ ಜೀಪಿನಲ್ಲಿ ಟಪಾಲು ಬರುತ್ತದೆ. ಕಾಗದ ಬರಿ. ಅಳಿಯ ಲಿಫ್ಟ್ ರಿಪೇರಿಗೆ ಹೋದಾಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೋ ಇಲ್ಲವೋ, ನೋಡಿಕೋ.

ನಿನ್ನ
ಅಮ್ಮ


ಫೆಬ್ರವರಿ ೨೭

ಅಮ್ಮಾ,

ನಿನ್ನ ಸೊಂಟ ಸುಖವಾಗಿ ತಲುಪಿದ್ದು ಕೇಳಿ ಸಂತೋಷ.

ಇಲ್ಲಿ ಎಲ್ಲ ಮಾಮೂಲು. ಡ್ರೈವಿಂಗ್ ಸ್ಕೂಲಿನಲ್ಲಿ ಸ್ವಲ್ಪ ಬದಲಾವಣೆ. ನಾನೀಗ ಕಾರಿನಲ್ಲಿ ಪಕ್ಕ ಕೂತು ಕಲಿಸುತ್ತಿಲ್ಲ, ಒಳಗೆ ಬೋರ್ಡಿನ ಮೇಲೆ ರಸ್ತೆ ನಿಯಮಗಳ ಪಾಠ ತೆಗೆದುಕೊಂಡಿದ್ದೇನೆ. ಹೊಸಬರು ಕ್ಲಚ್ ಬಿಡುವ ರೀತಿಗೆ ಬೇಸತ್ತು ಹೋಗಿದೆ, ಅಷ್ಟೆ. ಮಾಲೀಕರು ‘ಏನಮ್ಮಾ, ಹೆದರ್ಕೊಂಡ್ಯಾ?’ ಅಂದರು. ‘ಹೂಂ ಸಾರ್, ವಯಸ್ಸಾಯ್ತು’ ಅಂದೆ.

ನಿನ್ನ ಅಳಿಯನಿಗೆ ಈಚೆಗೆ ಎಲ್ಲಿಲ್ಲದ ಕೆಲಸದ ಹುರುಪು. ನೀರಿನ ಕ್ಯಾನು ಅವರೇ ಮೇಲಕ್ಕೆ ತರುತ್ತಾರೆ. ಒಗೆದ ಬಟ್ಟೆ ಹರವುವುದೂ ಅವರೇ. ನಿನ್ನ ಕೋಣೆಗೆ ಬಣ್ಣ ಹೊಡೆಸಬೇಕು ಅಂದುಕೊಂಡಿದ್ದೆ. ಬಣ್ಣದ ವಾಸನೆ ಈಗ ಬೇಡ ಅಂತ ಮುಂದಕ್ಕೆ ಹಾಕಿದೆವು.

ಮೌನಿ ಯಾಕೆ ಮಾತಾಡುವುದಿಲ್ಲ? ಕೇಳಿ ಬರಿ.

ಗುಬ್ಬಿ


ಮಾರ್ಚ್ ೨೪

ಗುಬ್ಬೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕ್ಲಚ್ಚಿನ ವಿಷಯ ಓದುವಾಗ ಕೈಯಲ್ಲಿದ್ದ ಟೀ ಆರಿಹೋಯಿತು. ಮತ್ತೇನಿಲ್ಲ. ನೀನು ಮಾಡಿದ್ದು ಸರಿ.

ಮೌನಿಯ ವಿಷಯ. ಅವಳ ಅಕ್ಕ ಹೆರಿಗೆಯಲ್ಲಿ ಹೋದಳಂತೆ, ಅವಳ ಕಣ್ಣೆದುರೇ. ಸುತ್ತ ಇದ್ದವರಿಗೆಲ್ಲ ಅಳುವುದೊಂದೇ ಗೊತ್ತಿದ್ದದ್ದು. ಅಕ್ಕನ ಮಗುವನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಇಲ್ಲಿಗೆ ಬಂದಿದ್ದಾಳೆ. ಇದನ್ನು ಅವಳು ಹೇಳಲಿಲ್ಲ, ಏಣಿ ಹೇಳಿದಳು. ಹೇಳುವಾಗ ನಮ್ಮ ಮೇಷ್ಟ್ರು ಮೊದಲ ಬಾರಿಗೆ ಗೋಡೆಯ ಕಡೆ ತಿರುಗದೆ ಅನುವಾದ ಮಾಡಿದರು.

ಈಗ ಪಾಠ ಬಸಿರಿಯರ ಮೊದಲ ತಿಂಗಳುಗಳದು. ಏನೇನು ಕಲಿಸುತ್ತೇನೆ ಎಂದು ನಿನಗೆ ಬೇಜಾರಾಗುವಷ್ಟು ಬರೆಯುತ್ತೇನೆ, ನನಗಿಲ್ಲಿ ಬೇರೆ ಯಾರಿದ್ದಾರೆ ಹೇಳಿಕೊಳ್ಳಲು? ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬಾರದು, ನುಂಗಿದ್ದು ನುಂಗಿದ ಹಾಗೆಯೇ ಹೋಗುತ್ತದೆ. ಬೆಳಿಗ್ಗೆ ಓಕರಿಕೆ ಬಂದರೆ ಹಾಸಿಗೆಯಲ್ಲೇ ಒಣ ಬಿಸ್ಕತ್ತು ಕಡಿದು ಆಮೇಲೆ ಏಳಬೇಕು. ಹಿಂದೆ ನಷ್ಟ ಅನುಭವಿಸಿದವರು ಮೊದಲೇ ಡಾಕ್ಟರಿಗೆ ಹೇಳಬೇಕು, ನಾಚಿಕೆ ಪಡಬಾರದು. ಮುಖ್ಯವಾಗಿ, ಹಿಂದೆ ಆದದ್ದಕ್ಕೆ ಅವಳು ಮಾಡಿದ ಯಾವ ಕೆಲಸವೂ ಕಾರಣವಲ್ಲ. ಬಟ್ಟೆ ಎತ್ತಿದ್ದಲ್ಲ, ಮೆಟ್ಟಿಲು ಹತ್ತಿದ್ದಲ್ಲ, ಜಗಳವಾಡಿದ್ದೂ ಅಲ್ಲ. ಈ ಕೊನೆಯದನ್ನು ಹುಡುಗಿಯರ ಬಾಯಿಂದ ಮತ್ತೆ ಮತ್ತೆ ಹೇಳಿಸಿದೆ.

ಅಳಿಯನಿಗೆ ಹೇಳು, ಬಟ್ಟೆ ಹರವುವ ಮುಂಚೆ ಚೆನ್ನಾಗಿ ಕೊಡವಬೇಕು.

ಅಮ್ಮ


ಏಪ್ರಿಲ್ ೨೧

ಅಮ್ಮಾ,

ನಿನ್ನ ಪಾಠ ಓದಿದೆ. ಬೇಜಾರಾಗಲಿಲ್ಲ. ಪಾಠದ ಕೊನೆಯ ಸಾಲುಗಳನ್ನು ನಿನ್ನ ಅಳಿಯನಿಗೂ ಓದಿ ಹೇಳಿದೆ. ಅವರು ಎದ್ದು ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು.

ಇನ್ನಷ್ಟು ಬರಿ. ನಿನ್ನ ಹುಡುಗಿಯರು ಯಾರಾದರೂ ಕೇಳಿದರೆ: ಸಂಜೆ ಹೊತ್ತು ಕಾಲು ಸ್ವಲ್ಪ ಊದಿ ಬೆಳಿಗ್ಗೆ ಇಳಿದರೆ ಪರವಾಗಿಲ್ಲವಾ? ನಮ್ಮ ಬೀದಿಯ ಒಬ್ಬಳಿಗೆ ಹಾಗಾಗುತ್ತದೆ.

ಫೋನು ಹಿಡಿಯದ ಊರಿಗೆ ನೀನು ಹೋದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ನನ್ನ ಗಂಟಲಲ್ಲಿ ಗುಟ್ಟು ನಿಲ್ಲುವುದಿಲ್ಲ.

ಗುಬ್ಬಿ


ಮೇ ೧೯

ದೊಡ್ಡಕ್ಕಾ,

ಇದು ಸಂಘದ ಅಧ್ಯಕ್ಷೆಗೆ ಬರೆಯುವ ವರದಿಯಲ್ಲ. ಒಟ್ಟಿಗೆ ಡ್ಯೂಟಿ ಮಾಡಿ, ಒಂದೇ ಡಬ್ಬಿಯಲ್ಲಿ ಉಂಡವಳಿಗೆ ಬರೆಯುವ ಕಾಗದ.

ನನ್ನ ಮಗಳು ಬಸುರಿ. ಅವಳು ನನಗೆ ಹೇಳಿಲ್ಲ. ನನಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತು. ಆದರೂ ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ನಾನು ಪಾಠದ ನೆಪದಲ್ಲಿ ಬುದ್ಧಿವಾದ ಬರೆಯುತ್ತೇನೆ, ಅವಳು ಬೀದಿಯ ಯಾರೋ ಒಬ್ಬಳ ನೆಪದಲ್ಲಿ ಉತ್ತರ ಕೇಳುತ್ತಾಳೆ. ಆ ಬೀದಿಯಲ್ಲಿ ನಾನು ಇಷ್ಟು ವರ್ಷ ಬಾಳಿದ್ದೇನೆ, ಅಲ್ಲಿ ಬಸುರಾಗುವ ವಯಸ್ಸಿನವರು ಬೇರೆ ಯಾರೂ ಇಲ್ಲ!

ಹಿಂದೆ ಎರಡು ಸಲ ನಾಲ್ಕನೆಯ ತಿಂಗಳು ದಾಟಲಿಲ್ಲ, ನಿನಗೆ ಗೊತ್ತಲ್ಲ. ಈ ಸಲ ದಾಟಿದೆ. ನನ್ನ ಅಂದಾಜಿನಲ್ಲಿ ಅಕ್ಟೋಬರ್ ಮೊದಲ ವಾರಗಳಲ್ಲಿ ಹೆರಿಗೆ. ಪರೀಕ್ಷೆಯೂ ಆಗಲೇ. ಪರೀಕ್ಷೆಯ ದಿನ ಪರವಾನಗಿ ಇರುವ ಶಿಕ್ಷಕಿ ಎದುರಿಗೆ ಇಲ್ಲದಿದ್ದರೆ ಇಲ್ಲಿನ ಸರ್ಕಾರ ಹುಡುಗಿಯರನ್ನು ಕೂರಿಸುವುದಿಲ್ಲ. ಎಂಟು ತಿಂಗಳ ಶ್ರಮ ನೀರಿನಲ್ಲಿ ಹೋಮವಾಗುತ್ತದೆ. ಮೌನಿ ಮೊನ್ನೆ ತಾನೇ ಮೊದಲ ಮಗುವನ್ನು ತನ್ನ ಕೈಯಲ್ಲಿ ಹಿಡಿದಳು. ಹಿಡಿದವಳು ಒರೆಸಲೂ ಮರೆತು ಅದರ ಮುಖವನ್ನೇ ನೋಡುತ್ತಾ ನಿಂತಳು. ನಾನು ‘ಒರೆಸು, ಒರೆಸು’ ಎಂದು ಕನ್ನಡದಲ್ಲೇ ಕೂಗಿದೆ.

ಸೆಪ್ಟೆಂಬರಿಗೆ ನನ್ನ ಜಾಗಕ್ಕೆ ಯಾರಾದರೂ ಸಿಗುತ್ತಾರಾ ನೋಡು. ಗುಬ್ಬಿಯ ಕಿವಿಗೆ ಮಾತ್ರ ಬೀಳಬಾರದು. ನಾನು ಬರುತ್ತೇನೆ ಎಂದು ತಿಳಿದರೆ, ನನಗೆ ಭಯವಾಗಿದೆ ಎಂದುಕೊಳ್ಳುತ್ತಾಳೆ. ಆಮೇಲೆ ಅವಳಿಗೂ ಭಯ ಹತ್ತುತ್ತದೆ.

ಇಂತಿ,
ನಿನ್ನ ಹಳೆಯ ಜೊತೆಗಾತಿ


ಜೂನ್ ೧೦

ದೊಡ್ಡಕ್ಕನವರಿಗೆ ನಮಸ್ಕಾರ.

ಅಮ್ಮನಂತೆ ನಾನೂ ನಿಮ್ಮನ್ನು ದೊಡ್ಡಕ್ಕ ಎಂದೇ ಕರೆದು ಬೆಳೆದವಳು. ಅದೇ ಸಲಿಗೆಯಿಂದ ಬರೆಯುತ್ತಿದ್ದೇನೆ. ಸಂಘದ ಕಚೇರಿಗೆ ಬಂದರೆ ನನ್ನ ಹೊಟ್ಟೆ ನೋಡಿ ನೀವೇ ಎಲ್ಲರಿಗೂ ಹೇಳಿಬಿಡುತ್ತೀರಿ, ಅದಕ್ಕೆ ಕಾಗದ.

ಹೌದು, ನನಗೆ ಆರನೆಯ ತಿಂಗಳು ನಡೆಯುತ್ತಿದೆ. ಅಮ್ಮನಿಗೆ ನಾನು ಬಾಯಿಬಿಟ್ಟು ಹೇಳಿಲ್ಲ. ಅವಳೇನಾದರೂ ವಾಪಸ್ ಬರುತ್ತೇನೆ ಎಂದು ನಿಮಗೆ ಬರೆದರೆ ದಯವಿಟ್ಟು ಒಪ್ಪಬೇಡಿ. ಅಪ್ಪ ಹೋದ ಮೇಲೆ ಅಮ್ಮ ಇಷ್ಟು ಗೆಲುವಾಗಿ ಇದ್ದದ್ದನ್ನು ನಾನು ನೋಡಿಲ್ಲ. ಅವಳ ಕಾಗದದ ತುಂಬ ಏಣಿ, ಮೌನಿ, ಗೋಡೆ ನೋಡುವ ಮೇಷ್ಟ್ರು. ಪರೀಕ್ಷೆಯ ಹೊತ್ತಿಗೆ ಅವಳು ಅಲ್ಲಿರಬೇಕು. ಆ ಗುಡ್ಡದಾಚೆ ಎಷ್ಟು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೋ! ನನಗಾದರೆ ಇಲ್ಲಿ ಡಾಕ್ಟರು ಇದ್ದಾರೆ, ಆಸ್ಪತ್ರೆ ಇದೆ, ಲಿಫ್ಟೂ ಇದೆ. ಕೆಟ್ಟರೆ ರಿಪೇರಿ ಮಾಡಲು ಗಂಡನೂ ಇದ್ದಾರೆ.

ನಾನು ಬರೆದದ್ದು ಅಮ್ಮನಿಗೆ ತಿಳಿಸಬೇಡಿ.

ನಿಮ್ಮ
ಗುಬ್ಬಿ


ಜೂನ್ ೨೮

ತಾಯಿಗೂ ಮಗಳಿಗೂ, ಒಂದೇ ಒಕ್ಕಣೆಯ ಎರಡು ಪ್ರತಿ.

ನಿಮ್ಮಿಬ್ಬರ ಗುಟ್ಟು ಕಾಯುವುದಕ್ಕೆ ನಾನೇನು ಬ್ಯಾಂಕಿನ ಲಾಕರಾ? ಒಬ್ಬಳು ‘ಅವಳಿಗೆ ಹೇಳಬೇಡ, ನಾನು ಬರಬೇಕು’ ಅನ್ನುತ್ತಾಳೆ. ಇನ್ನೊಬ್ಬಳು ‘ಅವಳಿಗೆ ಹೇಳಬೇಡಿ, ಅವಳು ಬರಬಾರದು’ ಅನ್ನುತ್ತಾಳೆ. ಎರಡು ಕಾಗದವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನಕ್ಕೆ. ಆಮೇಲೆ ಸ್ವಲ್ಪ ಅತ್ತೆ. ಗುಮಾಸ್ತೆ ಓಡಿಬಂದು ‘ಮೇಡಂ, ಬಿಪಿ ಮಾತ್ರೆ ತಗೊಂಡ್ರಾ?’ ಅಂದಳು.

ಬದಲಿ ಶಿಕ್ಷಕಿಗಾಗಿ ಸಂಘದ ಸಭೆಯಲ್ಲಿ ಕೇಳಿದೆ. ಎಲ್ಲರಿಗೂ ಏನಾದರೊಂದು. ಒಬ್ಬಳಿಗೆ ಮಂಡಿ ನೋವು, ಇನ್ನೊಬ್ಬಳಿಗೆ ಮಗಳ ಮದುವೆ. ಕೊನೆಗೆ ‘ನಾನೇ ಹೋಗ್ತೀನಿ’ ಅಂದುಬಿಟ್ಟೆ. ನನಗೂ ಪರವಾನಗಿ ಇದೆ, ಪ್ರತಿ ಸಲ ನವೀಕರಿಸಿದ್ದೇನೆ. ವರ್ಷಗಟ್ಟಲೆ ಕುರ್ಚಿ ಬಿಟ್ಟು ಏಳದವಳು ಗುಡ್ಡ ಹತ್ತುತ್ತಾಳಂತೆ ಎಂದು ಹಿಂದೆ ಕೂತವರು ಪಿಸುಗುಟ್ಟಿದ್ದು ಕೇಳಿಸಿತು. ಅದನ್ನು ಕೇಳಿದ ಮೇಲಂತೂ ಹೋಗಲೇಬೇಕು.

ಆದರೆ ಒಂದು ಷರತ್ತು. ಗುಬ್ಬೀ, ಅಮ್ಮ ಬರಬೇಕೋ ಬೇಡವೋ ಎಂದು ನೀನೇ ನಿನ್ನ ಕೈಯಾರೆ ಅವಳಿಗೆ ಬರಿ. ಬೀದಿಯವರ ಹೆಸರಿನಲ್ಲಿ ಅಲ್ಲ. ನೀನು ಬೇಡ ಅಂದರೆ ನಾನು ಟಿಕೆಟ್ ತೆಗೆಸುವುದಿಲ್ಲ.

ಆಶೀರ್ವಾದಗಳೊಂದಿಗೆ,
ದೊಡ್ಡಕ್ಕ


ಜುಲೈ ೧೨

ಅಮ್ಮಾ,

ನಾನು ಬಸುರಿ. ನೋಡು, ಬರೆದುಬಿಟ್ಟೆ. ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ.

ಯಾಕೆ ಹೇಳಲಿಲ್ಲ ಅಂತ ನೀನು ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಹಿಂದಿನ ಎರಡು ಸಲವೂ ಗೊತ್ತಾದ ದಿನವೇ ಓಡಿಬಂದು ನಿನಗೆ ಹೇಳಿದ್ದೆ. ನೀನು ಚಿಕ್ಕ ಮಗುವಿನ ಹಾಗೆ ಕುಣಿದೆ. ಆಮೇಲೆ ಆದದ್ದಾಯಿತು. ಆಗ ನೀನು ಎಷ್ಟು ಚೆನ್ನಾಗಿ ನನ್ನನ್ನು ನೋಡಿಕೊಂಡೆ ಅಮ್ಮಾ! ನಾಡಿ ಹಿಡಿದೆ, ಹಾಸಿಗೆ ಬದಲಾಯಿಸಿದೆ, ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟೆ, ಡಾಕ್ಟರ ಜೊತೆ ನಿಮ್ಮ ಭಾಷೆಯಲ್ಲಿ ಮಾತಾಡಿದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಗ ನನಗೆ ನರ್ಸ್ ಬೇಕಿರಲಿಲ್ಲ. ಜೊತೆಯಲ್ಲಿ ಕೂತು ಅಳುವವರು ಬೇಕಿತ್ತು. ನೀನು ಅಡುಗೆ ಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿಕೊಂಡು ನಿಂತಿರುತ್ತಿದ್ದೆ. ಯಾಕೆ ಅಂತ ಆಗ ಹೊಳೆಯಲಿಲ್ಲ. ಈಗ, ಹೊಟ್ಟೆಯಲ್ಲೊಂದು ಒದೆಯುತ್ತಿರುವಾಗ, ಹೊಳೆಯುತ್ತದೆ.

ಈ ಸಲವೂ ಏನಾದರೂ ಆದರೆ ನಿನ್ನನ್ನು ಮತ್ತೆ ಆ ನಲ್ಲಿಯ ಮುಂದೆ ನಿಲ್ಲಿಸುವುದು ನನಗೆ ಬೇಕಿರಲಿಲ್ಲ. ಅದಕ್ಕೆ ಸುಮ್ಮನಿದ್ದೆ. ಪರೀಕ್ಷೆ, ಗುಡ್ಡ, ಹನ್ನೊಂದು ಜನ, ಅದೆಲ್ಲವೂ ನಿಜವೇ. ಆದರೆ ಅದರ ಹಿಂದೆ ಅವಿತುಕೊಂಡಿದ್ದೆ.

ಡಾಕ್ಟರು ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಮಗು ತಲೆ ಕೆಳಗೆ ಮಾಡಿಕೊಂಡು, ನಿನ್ನ ಅಳಿಯ ರೇಡಿಯೋ ಹಾಕಿದಾಗಲೆಲ್ಲ ಒದೆಯುತ್ತದೆ. ಹಾಡು ಇಷ್ಟವೋ, ಸಿಟ್ಟೋ ಗೊತ್ತಿಲ್ಲ.

ನನಗೆ ಭಯ ಅಮ್ಮಾ. ಬಾ.

ಆದರೆ ನಿನ್ನ ಹುಡುಗಿಯರನ್ನು ಕೇಳಿ ಬಾ. ಅವರ ಅಮ್ಮನನ್ನು ಕಿತ್ತುಕೊಂಡೆ ಅನ್ನಿಸಬಾರದು.

ಗುಬ್ಬಿ


ಆಗಸ್ಟ್ ೯

ನನ್ನ ಗುಬ್ಬೀ,

ನಿನ್ನ ಕಾಗದ ಬಂದ ದಿನ ಮಧ್ಯಾಹ್ನ ಪಾಠ ಮಾಡಲಾಗಲಿಲ್ಲ. ಇಲ್ಲಿ ನಲ್ಲಿ ಇಲ್ಲ, ಹಿತ್ತಲಲ್ಲಿ ಕೈಪಂಪು ಇದೆ. ಅಲ್ಲಿಗೂ ಹೋಗಲಿಲ್ಲ. ಪಾಠದ ಕೋಣೆಯಲ್ಲೇ, ಎಲ್ಲರೆದುರಿಗೇ ಅತ್ತೆ. ಹುಡುಗಿಯರು ದಿಗಿಲುಬಿದ್ದು ಸುತ್ತ ನೆರೆದರು. ಮೇಷ್ಟ್ರು ಏನನ್ನು ಅನುವಾದಿಸಬೇಕೆಂದು ತಿಳಿಯದೆ ನನಗೆ ತಮ್ಮ ಕರವಸ್ತ್ರ ಕೊಟ್ಟರು.

ಕಣ್ಣೊರೆಸಿಕೊಂಡು ಅವರಿಗೆ ಎಲ್ಲ ಹೇಳಿದೆ. ನನ್ನ ಮಗಳಿಗೆ ದಿನ ತುಂಬುತ್ತಿದೆ, ಹಿಂದೆ ಎರಡು ಸಲ ಕಳೆದುಕೊಂಡಿದ್ದಾಳೆ, ಸೆಪ್ಟೆಂಬರಿನಲ್ಲಿ ಹೋಗಲೇ ಎಂದು ಕೇಳಿದೆ. ಏಣಿಯ ಮುಖ ಸಪ್ಪಗಾಯಿತು. ಇನ್ನೊಬ್ಬಳು ‘ಪರೀಕ್ಷೆಯಲ್ಲಿ ಕೈ ನಡುಗಿದ್ರೆ ಯಾರ ಮುಖ ನೋಡೋದು?’ ಅಂದಳು. ನಿನಗೆ ಬೇರೆ ಏನು ಬರೆಯಲಿ ಎಂದು ಯೋಚಿಸತೊಡಗಿದೆ.

ಆಗ ಮೌನಿ ಎದ್ದು ನಿಂತಳು. ಇಷ್ಟು ತಿಂಗಳಲ್ಲಿ ಅವಳು ತಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು.

‘ನಮ್ಮಕ್ಕ ಕೊನೇವರೆಗೂ ಅಮ್ಮಾ ಅಮ್ಮಾ ಅಂತಿದ್ಲು. ಅಮ್ಮ ಬೇರೆ ಊರಲ್ಲಿದ್ಲು, ಯಾರೂ ಕರೆಸ್ಲಿಲ್ಲ. ಟೀಚರ್, ನಿಮ್ಮನ್ನ ನಿಮ್ಮ ಮಗಳು ಕರೆದಿದ್ದಾಳೆ. ಕರೆದ ಮೇಲೂ ನೀವು ಇಲ್ಲೇ ಕೂತ್ರೆ, ನಾಳೆ ಊರಿಗೆ ಹೋಗಿ ನಾವು ಬಾಣಂತಿಯರಿಗೆ ಯಾವ ಮುಖ ಇಟ್ಕೊಂಡು ಧೈರ್ಯ ಹೇಳೋದು?’

ಮೇಷ್ಟ್ರು ಇದನ್ನು ಗೋಡೆಯ ಕಡೆ ತಿರುಗದೆಯೇ ನನಗೆ ಹೇಳಿದರು. ಆಮೇಲೆ ಏಣಿ ಕಣ್ಣೊರೆಸಿಕೊಂಡು ಕೇಳಿದಳು, ‘ಬರೋ ಟೀಚರ್ ಹೊಡೀತಾರಾ?’ ‘ಹೊಡೆಯೋದಿಲ್ಲ, ಭಾಷಣ ಮಾಡ್ತಾರೆ’ ಅಂದೆ.

ದೊಡ್ಡಕ್ಕನಿಗೆ ಇದೇ ಜೀಪಿನಲ್ಲಿ ಕಾಗದ ಹೋಗುತ್ತಿದೆ. ನಾನು ಬರುತ್ತೇನೆ. ಭಯವಾದಾಗ ಭಯವಾಗುತ್ತಿದೆ ಎಂದು ಅಳಿಯನಿಗೆ ಹೇಳು. ನನಗೂ ಭಯವೇ. ಇನ್ನು ಮೇಲೆ ಇಬ್ಬರೂ ಸೇರಿ ಭಯಪಡೋಣ.

ಅಂದ ಹಾಗೆ, ಬೀದಿಯ ಆ ಇನ್ನೊಬ್ಬಳಿಗೆ ಮೇ ತಿಂಗಳಲ್ಲೇ ಬರೆದದ್ದನ್ನು ಇನ್ನೊಮ್ಮೆ ಹೇಳು: ಬೆಳಿಗ್ಗೆಗೆ ಊತ ಇಳಿದರೆ ಪರವಾಗಿಲ್ಲ. ತಲೆನೋವು ಬಂದರೆ, ಕಣ್ಣು ಮಂಜಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಬೇಕು.

ನಿನ್ನ
ಅಮ್ಮ


ಅಕ್ಟೋಬರ್ ೫

ನನ್ನ ಜೊತೆಗಾತಿಗೆ,

ಪರೀಕ್ಷೆ ಮುಗಿಯಿತು. ಒಂಬತ್ತು ಜನ ಪಾಸು. ಇಬ್ಬರು ಮೌಖಿಕ ಪರೀಕ್ಷೆಯಲ್ಲಿ ತಡವರಿಸಿದರು. ಅವರಿಗೆ ಮಾರ್ಚಿನಲ್ಲಿ ಇನ್ನೊಂದು ಅವಕಾಶವಿದೆ. ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ. ಸಂಘದ ಉಪಾಧ್ಯಕ್ಷೆ ನನ್ನ ಕುರ್ಚಿಯಲ್ಲಿ ಕೂತು ಸುಖಪಡಲಿ.

ತಡವರಿಸಿದ ಇಬ್ಬರಲ್ಲಿ ನಿನ್ನ ಮೌನಿಯೂ ಒಬ್ಬಳು. ಬೈಯಬೇಡ. ಕೈಪಾಠದಲ್ಲಿ ಅವಳಷ್ಟು ಹಗುರ ಕೈ ಯಾರದ್ದೂ ಇರಲಿಲ್ಲ. ಮೂವರು ಪರೀಕ್ಷಕರ ಮುಂದೆ ನಿಂತು ಮಾತಾಡುವಾಗ ನಾಲಿಗೆ ಹೊರಳಲಿಲ್ಲ, ಅಷ್ಟೆ. ಅವಳು ಅಳಲಿಲ್ಲ. ‘ಮತ್ತೆ ಓದ್ತೀನಿ, ನೀವು ಇರ್ತೀರಾ?’ ಅಂದಳು. ಇರದೆ ಎಲ್ಲಿಗೆ ಹೋಗಲಿ? ಈಗ ದಿನಾ ಸಂಜೆ ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ನನಗೇ ಪಾಠ ಹೇಳಲು ಹಚ್ಚಿದ್ದೇನೆ. ಭಾಷಣ ಮಾಡುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ!

ಇನ್ನೊಂದು ವಿಷಯ ನಿನಗೆ ಮಾತ್ರ. ಮೊನ್ನೆ ಆಸ್ಪತ್ರೆಯಲ್ಲಿ ಅವಸರದ ಹೆರಿಗೆ, ಕೈ ಸಾಲದೆ ನಾನೇ ನಿಂತೆ. ಎಷ್ಟೋ ವರ್ಷದ ಮೇಲೆ ಬಿಸಿಬಿಸಿ ಮಗು ಕೈಗೆ ಬಂತು. ಸಂಘ, ಸಭೆ, ಶಾಲು, ಎಲ್ಲ ಮರೆತೇ ಹೋಯಿತು.

ಅಲ್ಲಿಯ ಸುದ್ದಿ ಏನು? ಒಂದು ಸಾಲಾದರೂ ಬರಿ ಮಾರಾಯ್ತಿ.

ದೊಡ್ಡಕ್ಕ


ಅಕ್ಟೋಬರ್ ೨೪

ದೊಡ್ಡಕ್ಕಾ,

ಹೆಣ್ಣು ಮಗು. ಗುಬ್ಬಿ ಚೆನ್ನಾಗಿದ್ದಾಳೆ. ಇದನ್ನು ಮೊದಲು ಬರೆದುಬಿಟ್ಟೆ. ಇಲ್ಲದಿದ್ದರೆ ನೀನು ಮುಂದಿನದನ್ನು ಓದದೆ ಕೊನೆಯ ಸಾಲಿಗೆ ಹಾರುತ್ತೀಯ.

ನಿಧಾನವಾದ ಹೆರಿಗೆ. ಬೆಳಿಗ್ಗೆ ಹೋದವರು ಸಂಜೆಯವರೆಗೂ ಕಾದೆವು. ಮಧ್ಯಾಹ್ನ ಮಗುವಿನ ಎದೆಬಡಿತ ಒಮ್ಮೆ ಇಳಿಯಿತು. ಗೋಡೆಯ ಮೇಲಿನ ಯಂತ್ರದ ಸದ್ದು ಬದಲಾದದ್ದು ಎಲ್ಲರಿಗಿಂತ ಮೊದಲು ನನಗೆ ಕೇಳಿಸಿತು. ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಅಲ್ಲಿದ್ದ ಸೂಲಗಿತ್ತಿ ಚಿಕ್ಕ ವಯಸ್ಸಿನವಳು, ನನ್ನ ಮಗಳಿಗಿಂತ ಕಿರಿಯಳು. ನನ್ನ ಮುಖ ನೋಡಿ ‘ಅಮ್ಮಾ, ನಾನ್ ನೋಡ್ಕೋತೀನಿ. ನೀವು ಅವ್ರ ಹತ್ರ ಹೋಗಿ’ ಅಂದಳು. ಆ ಮಾತನ್ನು ಎಷ್ಟು ಜನ ತಾಯಂದಿರಿಗೆ ನಾನೇ ಹೇಳಿಲ್ಲ! ಎಷ್ಟು ಕಷ್ಟದ ಮಾತು ಎಂದು ಆಗ ಗೊತ್ತಿರಲಿಲ್ಲ. ಅವಳು ಗುಬ್ಬಿಯನ್ನು ಎಡಕ್ಕೆ ಹೊರಳಿಸಿದಳು, ಡಾಕ್ಟರನ್ನು ಕರೆದಳು. ಬಡಿತ ಮತ್ತೆ ಏರಿತು. ಎಲ್ಲ ಸರಿಯಾಗಿಯೇ ಮಾಡಿದಳು.

ನಾನು ಹೋಗಿ ಮಗಳ ತಲೆಯ ಕಡೆ ನಿಂತೆ. ನಮ್ಮ ಇಡೀ ಜೀವನ ಕಾಲಿನ ಕಡೆಯೇ ಕಳೆಯಿತಲ್ಲ ದೊಡ್ಡಕ್ಕ! ಎಷ್ಟು ಮಕ್ಕಳು ಬರುವುದನ್ನು ನೋಡಿದ್ದೇವೆ, ಹೆರುವವಳ ಮುಖ ಅಷ್ಟು ಹತ್ತಿರದಿಂದ ಎಂದಾದರೂ ನೋಡಿದ್ದೇವಾ? ಅವಳ ಹಣೆಯ ಮೇಲಿನ ಬೆವರು, ಕಚ್ಚಿಕೊಂಡ ತುಟಿ, ಚಿಕ್ಕವಳಿದ್ದಾಗ ಜಾರಿಬಿದ್ದು ಆದ ಹುಬ್ಬಿನ ಮೇಲಿನ ಗೆರೆ. ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದಿದ್ದಳು.

‘ಅಮ್ಮಾ, ಅಳ್ತಿದ್ದೀಯಾ?’

‘ಹೂಂ ಕಣೇ.’

‘ಹಾಗಾದ್ರೆ ಏನಾದ್ರೂ ಆಗಿದ್ಯಾ?’

‘ಏನೂ ಆಗಿಲ್ಲ. ಸುಮ್ನೆ ಅಳ್ತಿದ್ದೀನಿ.’

ಆ ನೋವಿನಲ್ಲೂ ನಕ್ಕುಬಿಟ್ಟಳು. ನಗುವಿನ ಹಿಂದೆಯೇ ಇನ್ನೊಂದು ನೋವು ಬಂತು. ಕಾಲಿನ ಕಡೆ ಏನು ನಡೆಯುತ್ತಿತ್ತೋ, ಎಷ್ಟು ಹೊತ್ತಾಯಿತೋ, ನಾನು ನೋಡಲೇ ಇಲ್ಲ. ಅಳು ಕೇಳಿದ ಮೇಲೆಯೇ ಮಗು ಹುಟ್ಟಿತು ಎಂದು ನನಗೂ ತಿಳಿದದ್ದು, ಎಲ್ಲ ಅಜ್ಜಿಯರಿಗೆ ತಿಳಿಯುವ ಹಾಗೆ. ಹೊರಗೆ ಅಳಿಯ ಲಿಫ್ಟಿನ ಬಾಗಿಲಿಗೆ ಒರಗಿ ನಿಂತಿದ್ದವನು ಅದರ ಗುಂಡಿಯನ್ನು ಸುಮ್ಮಸುಮ್ಮನೆ ಒತ್ತತೊಡಗಿದನಂತೆ. ಅದು ಅವನೇ ರಿಪೇರಿ ಮಾಡಿದ ಲಿಫ್ಟು.

ಮೌನಿಯ ವಿಷಯ ಓದಿ ಸಂಕಟವಾಯಿತು. ಗುಬ್ಬಿಗೂ ಓದಿ ಹೇಳಿದೆ. ಅವಳು ಹಾಲು ಕುಡಿಸುತ್ತಾ ಬೆರಳಿನಲ್ಲಿ ತಿಂಗಳು ಎಣಿಸಿದಳು. ಆಮೇಲೆ ‘ಮಾರ್ಚಲ್ಲಿ ಮಗು ಐದು ತಿಂಗಳಾಗಿರತ್ತೆ. ನಾನು ಡ್ರೈವಿಂಗ್ ಸ್ಕೂಲಿಗೆ ವಾಪಸ್ ಹೋಗೋದು ಏಪ್ರಿಲ್‌ನಲ್ಲಿ. ಅಮ್ಮಾ, ಪರೀಕ್ಷೆ ಹೊತ್ತಿಗೆ ನೀನು ಹೋಗಿ ಬಾ’ ಅಂದಳು. ಈ ಸಲ ಅವಳೇ ಬಾಯಿಬಿಟ್ಟು ಹೇಳಿದ್ದು, ಯಾರ ನೆಪವೂ ಇಲ್ಲದೆ.

ಮೌನಿಗೆ ಹೇಳು, ನಾನು ಬರುತ್ತೇನೆ. ಪರೀಕ್ಷಕರ ಮುಂದೆ ನಾಲಿಗೆ ಹೊರಳದಿದ್ದರೆ ನನ್ನ ಕಡೆ ನೋಡಿಕೊಂಡು ಹೇಳಲಿ. ಮಗು ಎದ್ದಿತು. ಎತ್ತಿಕೊಳ್ಳಬೇಕು, ಪೆನ್ನು ಕೆಳಗಿಡುತ್ತೇನೆ.

ನಿನ್ನ ಹಳೆಯ ಜೊತೆಗಾತಿ,
ಈಗ ಅಜ್ಜಿ